ಚಂದ್ರಿಯ ಗೇಟ್ ಪಾಸ್

ನಾನು ಕಂಪನಿಯಲ್ಲಿ ಏನು ಮಾಡುತ್ತೇನೆ ಎಂಬುದು ನನ್ನ ಹೆಂಡತಿಗೆ ಗೊತ್ತಾದದ್ದು ಮದುವೆಯಾಗಿ ಎರಡು ದೀಪಾವಳಿ ಕಳೆದ ಮೇಲೆ. ಅದೂ ನಾನು ಹೇಳಿದ್ದಲ್ಲ, ಬನಹಟ್ಟಿಯ ನೂಲಿನ ಅಂಗಡಿಯವನು ಹೇಳಿದ್ದು. ಸಾವಕ್ಕ ಕಸೂತಿ ದಾರ ತರಲು ಅಲ್ಲಿಗೆ ಹೋಗಿದ್ದಳು. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

“ನೀವು ಮಾಡೂದು ಡೇರೆದ ಗೂಟ ಹಾಕೂ ಚೀಲ ಅಂತಲ್ಲರಿ?”

“ಯಾರ ಹೇಳಿದ್ರು ನಿನಗ?”

“ಹೌದೋ ಅಲ್ಲೋ, ಅಷ್ಟ ಹೇಳ್ರಿ.”

“ಹೇಳಾಕ ಬರೂದಿಲ್ಲ.”

“ಆತು ಬಿಡ್ರಿ. ಗೂಟದ ಚೀಲಾನ ಅದು.”

ಅಲ್ಲಿಯವರೆಗೆ ಅವಳು ನಾನು ರಾಕೆಟ್ ಮಾಡುತ್ತೇನೆಂದು ನಂಬಿದ್ದಳು. ಅಂದಿನಿಂದ ನನ್ನ ತಾಟಿಗೆ ಬೀಳುವ ತುಪ್ಪ ಕಡಿಮೆಯಾಯಿತು ಎಂಬುದು ನನ್ನ ಅನುಮಾನ. ಅವಳು ಇವತ್ತಿಗೂ ಒಪ್ಪುವುದಿಲ್ಲ.

ಕಂಪನಿ ಎಂದರೆ ಸೈನ್ಯಕ್ಕೆ ಸಾಮಾನು ಒದಗಿಸುವ ಬಹಳ ದೊಡ್ಡ ಕಂಪನಿ. ಹೆಸರು ಬರೆಯುವುದಿಲ್ಲ, ಏಕೆಂದರೆ ನಿವೃತ್ತಿಯ ದಿನ ಕೂಡ ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡಿದ್ದಾರೆ. ಬೇರೆ ಊರುಗಳಲ್ಲಿ ಅದು ಹಾರುವಂಥದ್ದು, ಸಿಡಿಯುವಂಥದ್ದು ಎಲ್ಲ ಮಾಡುತ್ತದೆ. ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ನಮ್ಮ ಘಟಕ ಮಾತ್ರ ಹೊಲಿಯುವಂಥದ್ದು ಮಾಡುತ್ತಿತ್ತು. ಚೀಲ, ಪಟ್ಟಿ, ಡೇರೆ, ಬಲೆ, ಹೊದಿಕೆ. ನಾನು ರಬಕವಿಯ ನೇಕಾರರ ಮನೆಯವನು, ಮಗ್ಗದ ಸದ್ದಿನಲ್ಲೇ ಹುಟ್ಟಿದವನು. ನೂಲು ಗೊತ್ತಿದೆ ಎಂದು ನನ್ನನ್ನು ಗುಣಮಟ್ಟ ಪರೀಕ್ಷೆಗೆ ತೆಗೆದುಕೊಂಡರು. ಬಂದ ಬಟ್ಟೆ, ಹೊಲಿದ ಪಟ್ಟಿ ಸರಿಯಿದೆಯೋ ಇಲ್ಲವೋ ನೋಡಿ, ಪಾಸು ಅಥವಾ ರಿಜೆಕ್ಟು ಎಂದು ಮುದ್ರೆ ಒತ್ತುವ ಕೆಲಸ.

ಈ ವರ್ಷ ನಮ್ಮ ಕಡೆಯ ನಾಲ್ಕಾರು ಮಕ್ಕಳು ಅದೇ ಕಂಪನಿಗೆ ಆಯ್ಕೆಯಾಗಿದ್ದಾರೆ. ಮೊನ್ನೆ ಪೇಢೆ ಹಿಡಿದುಕೊಂಡು ಮನೆಗೆ ಬಂದು, “ಕಾಕಾ, ಅಲ್ಲಿ ಛಲೋ ಏನು, ಕೆಟ್ಟದ್ದೇನು, ಖರೆ ಖರೆ ಹೇಳ್ರಿ” ಎಂದರು. ಪೇಢೆ ತಿಂದ ಮೇಲೆ ಸುಮ್ಮನೆ ಇರುವುದು ಸರಿಯಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಛಲೋ. ಸಂಬಳ ತಿಂಗಳ ಕೊನೆಗೆ ತಪ್ಪದೆ ಬರುತ್ತದೆ. ಬಸ್ಸು ಮನೆಯ ಮುಂದೆ ನಿಲ್ಲುತ್ತದೆ. ಕ್ಯಾಂಟೀನಿನ ಚಪಾತಿ ಸ್ವಲ್ಪ ದಪ್ಪ, ಆದರೆ ಬೇಕಾದಷ್ಟು ಹಾಕುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಲಾಭ ಎಂದರೆ ನೀವು ಏನು ಮಾಡುತ್ತೀರಿ ಎಂದು ಯಾರಿಗೂ ಹೇಳುವಂತಿಲ್ಲ. ಹೇಳದಿದ್ದರೆ ಜನ ತಾವೇ ದೊಡ್ಡದಾಗಿ ಊಹಿಸಿಕೊಳ್ಳುತ್ತಾರೆ. ಹೆಣ್ಣು ನೋಡಲು ಬೀಳಗಿಗೆ ಹೋದಾಗ ಸಾವಕ್ಕನ ಅಪ್ಪ, “ಹುಡುಗ ಏನ್ ಮಾಡ್ತಾನ್ರಿ?” ಎಂದು ಕೇಳಿದರು. ನಮ್ಮಪ್ಪ ಆಚೀಚೆ ನೋಡಿ ದನಿ ತಗ್ಗಿಸಿ, “ಅದನ್ನ ಹೇಳಾಕ ಬರೂದಿಲ್ರಿ. ದೇಶದ ಮಾತು” ಎಂದ. ಮಾವನವರೂ ದನಿ ತಗ್ಗಿಸಿದರು. “ರಾಕೆಟ್ಟನ್ರಿ?” ನಮ್ಮಪ್ಪ ಮಾಡಿನ ಜಂತಿ ನೋಡುತ್ತ ಕುಳಿತ. ಅಷ್ಟಕ್ಕೇ ಮದುವೆ ನಿಶ್ಚಯವಾಯಿತು. ನಾನು ಆಗ ಗೂಟದ ಚೀಲದ ಕುಣಿಕೆ ಎಳೆದು ನೋಡುವ ವಿಭಾಗದಲ್ಲಿದ್ದೆ.

ಈಗ ಕೆಟ್ಟದ್ದು. ಆ ಗುಟ್ಟನ್ನು ನೀವೊಬ್ಬರೇ ಕಾಪಾಡಬೇಕು. ಉಳಿದವರಿಗೆಲ್ಲ ಗೊತ್ತಿರುತ್ತದೆ. ಯಾವ ಬಣ್ಣದ ನೂಲು ಎಷ್ಟು ಬೇಕೆಂದು ಅಂಗಡಿಯವನಿಗೆ ಗೊತ್ತು, ಅಗಲ ಎಷ್ಟೆಂದು ಮಗ್ಗದವನಿಗೆ ಗೊತ್ತು, ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಒಮ್ಮೆ ಹೊಸ ಆರ್ಡರು ಬಂದ ಸುದ್ದಿಯನ್ನು ನನಗೆ ಚಹಾದಂಗಡಿಯವನು ಸೋಮವಾರ ಹೇಳಿದ, ನಮ್ಮ ಮ್ಯಾನೇಜರು ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಗುರುವಾರ ಹೇಳಿದರು. ನಾನು ಎರಡೂ ಸಲ ಬೆರಗಾದಂತೆ ಮುಖ ಮಾಡಿದೆ.

ನಮ್ಮ ಮ್ಯಾನೇಜರು ನಂಜುಂಡಯ್ಯನವರು, ಮೈಸೂರಿನವರು. ಕೆಟ್ಟ ಮನುಷ್ಯರಲ್ಲ. ಯಾರ ಮನಸ್ಸೂ ನೋಯಿಸಿದವರಲ್ಲ. ಆದರೆ ಏನು ಕೇಳಿದರೂ ಬೆರಳನ್ನು ಫ್ಯಾನಿನ ಕಡೆ ತೋರಿಸಿ, “ಮೇಲಿಂದ ಬರ್ಬೇಕು ಶಂಕರಪ್ಪನವರೇ” ಎನ್ನುತ್ತಿದ್ದರು. ಮೇಲೆ ಎಂದರೆ ಹೆಡ್ ಆಫೀಸು. ಕುರ್ಚಿಯ ಕಾಲು ಮುರಿದರೂ ಮೇಲಿಂದ ಬರಬೇಕು. ಒಂದು ಸಲ ಅವರ ಕೋಣೆಯ ಫ್ಯಾನೇ ಕೆಟ್ಟಿತು. ಆಗಲೂ ಅದರ ಕಡೆಗೇ ಬೆರಳು ತೋರಿಸಿ ಅದೇ ಮಾತು ಹೇಳಿದರು. ಅದು ಮೇಲಿಂದ ಬರುವಷ್ಟರಲ್ಲಿ ಚಳಿಗಾಲ ಬಂತು.

ನೀವು ಸೇರಿದ ಮೇಲೆ ಒಂದು ನಿಯಮ ಕೇಳುತ್ತೀರಿ. ರಿಜೆಕ್ಟಾದ ಯಾವ ಸಾಮಾನೂ ಮೂರು ತುಂಡು ಮಾಡದ ಹೊರತು ಗೇಟು ದಾಟಬಾರದು. ಇಂಥ ವಿಚಿತ್ರ ನಿಯಮ ಯಾಕೆ ಬಂತೆಂದು ನಿಮಗೆ ಯಾರೂ ಹೇಳುವುದಿಲ್ಲ. ಅದು ಬಂದದ್ದು ನಮ್ಮ ಸೋದರಮಾವ ಗುರುಪಾದಪ್ಪನಿಂದ.

ಮಾವ ಬನಹಟ್ಟಿಯಲ್ಲಿ ಪಾವರಲೂಮ್ ಇಟ್ಟುಕೊಂಡಿದ್ದ. ನಾನು ಸೇರಿದ ಹೊಸತರಲ್ಲಿ ಕಂಪನಿ ಹೊರಗಿನ ಮಗ್ಗಗಳಿಗೂ ಕೆಲಸ ಕೊಡುತ್ತಿತ್ತು. ನೂಲಿಗೆ ತೇಪೆ ತೇಪೆಯಾಗಿ ಹಸಿರು, ಮಣ್ಣು, ಕಪ್ಪು ಬಣ್ಣ ಹಾಕಿ ನೇಯುವ ಬಟ್ಟೆ, ಕಾಡಿನಲ್ಲಿ ಸೈನಿಕ ಕಾಣದಂತೆ ಮಾಡುವ ಬಟ್ಟೆ. ಮಾವ ಹೇಳಿದ ದಿನಕ್ಕೆ ಸರಿಯಾಗಿ ಗಾಡಿ ತುಂಬಾ ತಂದು ಇಳಿಸಿದ. ಬಿಚ್ಚಿ ನೋಡಿದರೆ ನೇಯ್ಗೆ ಅಪ್ಪಟ. ಒಂದು ಎಳೆ ತಪ್ಪಿಲ್ಲ. ಆದರೆ ಎರಡೂ ಅಂಚಿಗೆ ಕೆಂಪು ದಡಿ! ಅಷ್ಟಷ್ಟು ದೂರಕ್ಕೆ ಒಂದು ಸೆರಗು!

“ಮಾಮಾ, ಇದೇನ ಮಾಡೀದಿ?” ಎಂದೆ.

“ಯಾಕ, ಛಲೋ ಆಗಿಲ್ಲನ?”

“ದಡಿ ಯಾಕ ಹಾಕೀದಿ? ಕಾಣಬಾರದು ಅಂತ ಮಾಡೂ ಅರಿವಿ ಇದು.”

ಮಾವನಿಗೆ ನಿಜವಾಗಿ ನೋವಾಯಿತು. “ಲೇ ಶಂಕ್ರ್ಯಾ, ನಮ್ಮ ಮಗ್ಗದ ಮ್ಯಾಲಿಂದ ದಡಿ ಇಲ್ಲದ ಅರಿವಿ ಇಳದದ್ದು ಯಾವಾಗರ ಐತೇನು? ಮಂದಿ ಏನಂತಾರ? ಸಣ್ಣ ದಡೀನ ಹಾಕೇನಿ. ಯಾರಿಗೆ ಕಾಣತೈತಿ?”

ಅದು ನಮ್ಮವರು ಮಾತ್ರ ಮಾಡಬಲ್ಲ ತಪ್ಪು. ತಲೆಮಾರುಗಳಿಂದ ಸೀರೆ ನೇಯ್ದ ಕೈ, ಅಂಚು ಬೋಳಾಗಿ ಬಿಡಲು ಒಪ್ಪಲೇ ಇಲ್ಲ. ನಾನು ರಿಜೆಕ್ಟ್ ಮುದ್ರೆ ಒತ್ತಿದೆ. ಮಾವ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಬಟ್ಟೆಯನ್ನು ವಾಪಸು ಒಯ್ದು, ಸೆರಗು ಇದ್ದಲ್ಲಿ ಕತ್ತರಿಸಿ, ಸೀರೆ ಎಂದು ಮಾರಿದ. ಹರಿಯದ ಸೀರೆ, ಮಾಸದ ಸೀರೆ ಎಂದು ರಬಕವಿಯ ಹೆಂಗಸರು ಮುಗಿಬಿದ್ದು ಕೊಂಡರು.

ಮುಂದಿನ ಬೇಸಗೆಯಲ್ಲಿ ಹೆಡ್ ಆಫೀಸಿನ ದೊಡ್ಡ ಅಧಿಕಾರಿಯೊಬ್ಬರು ಬಂದರು. ಕೃಷ್ಣೆಯನ್ನು ನೋಡಬೇಕು ಎಂದರು. ಆಗಿನ ಮ್ಯಾನೇಜರು ಅವರನ್ನು ರಬಕವಿಯ ದಂಡೆಗೆ ಕರೆದುಕೊಂಡು ಹೋದರು, ಹಿಂದೆ ನಾನು. ದಂಡೆಯ ತುಂಬ ಬಟ್ಟೆ ಒಗೆಯುವ ಹೆಂಗಸರು. ಎಲ್ಲರ ಮೈಮೇಲೂ ದೇಶದ ಗುಟ್ಟು. ಹಿಂದಿನ ಗಿಡಗಂಟಿಯಲ್ಲಿ ಹೆಂಗಸರು ಸರಿಯಾಗಿ ಕಾಣಿಸುತ್ತಲೇ ಇರಲಿಲ್ಲ. ಕೆಂಪು ದಡಿಗಳಷ್ಟೇ ಕೊಡ ಹೊತ್ತುಕೊಂಡು ಓಡಾಡುತ್ತಿದ್ದವು. ಬಟ್ಟೆಯ ಗುಣಮಟ್ಟಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಆದರೆ ಅಧಿಕಾರಿಯ ಮುಖ ಆ ದಡಿಗಿಂತ ಕೆಂಪಾಗಿತ್ತು. ಆ ಹೆಂಗಸರ ನಡುವೆ ನಮ್ಮ ಸಾವಕ್ಕನೂ ಇದ್ದಳು, ನನ್ನನ್ನು ನೋಡಿ ಕೈ ಬೀಸಿದಳು. ನಾನು ನದಿಯ ಆಚೆ ದಡ ನೋಡುತ್ತ ನಿಂತೆ. ಮುಂದಿನ ವಾರ ನಿಯಮ ಬಂತು, ರಿಜೆಕ್ಟಾದದ್ದು ಮೂರು ತುಂಡು.

ಕೆಲಸದ ರೀತಿ ಎಷ್ಟೋ ಬದಲಾಯಿತು. ಮೊದಲು ಭೂತಗನ್ನಡಿ ಹಿಡಿದು ಎಳೆ ಎಣಿಸುತ್ತಿದ್ದೆವು, ಪಟ್ಟಿಯನ್ನು ಹೆಬ್ಬೆರಳಿಗೆ ಸುತ್ತಿ ಜಗ್ಗಿ ನೋಡುತ್ತಿದ್ದೆವು. ಆಮೇಲೆ ಜಗ್ಗುವ ಯಂತ್ರ ಬಂತು, ಅದರ ಹಿಂದೆ ಕಂಪ್ಯೂಟರು ಬಂತು. ಯಂತ್ರ ನನಗಿಂತ ಚೆನ್ನಾಗಿ ಜಗ್ಗುತ್ತದೆ. ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ, ಹೆಬ್ಬೆರಳಿಗೆ ಆರಾಮವಾಯಿತು. ಒಂದು ಸಲ ಒಬ್ಬ ಎಳೆಯ ಸೈನಿಕ ತರಬೇತಿಗೆಂದು ನಮ್ಮ ಘಟಕಕ್ಕೆ ಬಂದವನು, ಮೇಜಿನ ಮೇಲಿದ್ದ ಅಗಲ ಪಟ್ಟಿ ಮುಟ್ಟಿ, ತಾನು ಕಮರಿಯ ಮೇಲೆ ಜೋತಾಡಿದಾಗ ಹಿಡಿದದ್ದು ಇದೇ ಎಂದು ಹೇಳಿ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಆ ದಿನ ನನಗೆ ಊಟ ಮಾಡಲಾಗಲಿಲ್ಲ, ಅಷ್ಟು ಸಂತೋಷವಾಗಿತ್ತು. ಮನೆಯಲ್ಲಿ ಹೇಳೋಣವೆಂದರೆ ಹೇಳುವಂತಿಲ್ಲ. ಛಲೋ ಯಾವುದು, ಕೆಟ್ಟದ್ದು ಯಾವುದು ಎಂದು ನೀವು ಕೇಳಿದಿರಲ್ಲ, ಎರಡೂ ಆ ಒಂದೇ ದಿನದಲ್ಲಿದ್ದವು.

ಇನ್ನು ಚಂದ್ರಿಯ ವಿಷಯ. ಇದನ್ನು ಹೇಳಬೇಕೆಂದೇ ಕುಳಿತದ್ದು.

ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಮ್ಮ ಘಟಕಕ್ಕೆ ಸೈನ್ಯದ ನಾಯಿಗಳಿಗೆ ಜಾಕೀಟು ಹೊಲಿಯುವ ಕೆಲಸ ಬಂತು. ನಾಯಿ ಎಷ್ಟು ಜೋರಾಗಿ ಓಡಿದರೂ ಅದು ಜಾರಬಾರದು, ಎಂಥ ಕೊಳೆ ಬಿದ್ದರೂ ತೊಳೆದರೆ ಹೋಗಬೇಕು. ಮುಧೋಳ ನಾಯಿಗೆ ಸರಿಹೊಂದಬೇಕು ಎಂದು ವಿಶೇಷವಾಗಿ ಬರೆದಿತ್ತು. ಮುಧೋಳ ನಾಯಿಯನ್ನು ನೀವೆಲ್ಲ ಬಲ್ಲಿರಿ. ಎದೆ ಅಗಲ, ನಡು ಇಲ್ಲವೇ ಇಲ್ಲ. ನಾವು ಹೊಲಿದ ಮೊದಲ ಜಾಕೀಟನ್ನು ಮರದ ಗೊಂಬೆಗೆ ತೊಡಿಸಿ ನೋಡಿ ಬೀಗಿದೆವು. ಗೇಟಿನ ಬಳಿ ಸುಳಿದ ನಿಜವಾದ ನಾಯಿಗೆ ತೊಡಿಸಿದರೆ ಅದು ಲಂಗದಂತೆ ಕೆಳಗೆ ಬಿತ್ತು. ಅಳತೆಗೆ ದಿನವಿಡೀ ಜೊತೆಗಿರುವ ಒಂದು ಮುಧೋಳ ನಾಯಿ ಬೇಕೇ ಬೇಕಾಯಿತು.

ತಿಮ್ಮಾಪುರದ ಆಚೆಯ ಊರಿನ ಬೀರಪ್ಪಜ್ಜ ಕುರಿಗಾರ. ಅವನ ಹತ್ತಿರ ಚಂದ್ರಿ ಎಂಬ ಹೆಣ್ಣು ನಾಯಿ ಇತ್ತು. ಬಿಳಿ ಮೈ, ಬೆನ್ನ ಮೇಲೆ ಕಂದು ಮಚ್ಚೆ. ಕುರಿ ಮೇಯಿಸಲು ದೂರ ಹೋದಾಗ ತೋಳ ಹತ್ತಿರ ಸುಳಿಯದಂತೆ ಕಾಯುವವಳು ಅವಳೇ. ನಾನು ಹೋಗಿ ಕೇಳಿದೆ.

“ಮುಂಜಾನೆ ಕರಕೊಂಡ ಬಾ ಅಜ್ಜಾ, ಸಂಜೀಕ ಕರಕೊಂಡ ಹೋಗು. ಅಂಗಿ ಅಳತೀ ತಗೋತೀವಿ, ಅಷ್ಟ.”

“ನಾಯಿಗೆ ಅಂಗಿ?” ಅಜ್ಜ ಬಹಳ ಹೊತ್ತು ನಕ್ಕ. “ನನಗ ಇರೂದು ಒಂದ ಅಂಗಿ. ಆತು ತಮ್ಮಾ, ಆಕಿಯರ ಹಾಕ್ಕೊಳ್ಳಲಿ.”

ಗೇಟಿನಲ್ಲಿ ಪವಾರ ಸುಬೇದಾರರು. ಸೈನ್ಯದಿಂದ ನಿವೃತ್ತರಾಗಿ ಬಂದ ಜಮಖಂಡಿಯವರು, ಭದ್ರತೆಯ ಮುಖ್ಯಸ್ಥರು. ಮೀಸೆಯೂ ನಿಯಮದ ಪ್ರಕಾರವೇ ಬೆಳೆದಂತಿತ್ತು. ಅವರ ಮೇಜಿನ ಮೇಲೆ ಮೂರು ಪುಸ್ತಕ: ಮನುಷ್ಯರದು, ವಾಹನಗಳದು, ಸಾಮಾನಿನದು. ಅವರು ಚಂದ್ರಿಯನ್ನು ನೋಡಿದರು, ಮೂರೂ ಪುಸ್ತಕ ನೋಡಿದರು.

“ಮನಷ್ಯಾ ಅಲ್ಲ. ಗಾಡಿ ಅಲ್ಲ. ಯಾವುದರಾಗ ಬರೀಲಿ?”

“ಬರೀಬ್ಯಾಡ್ರಿ ಸುಬೇದಾರ ಸಾಹೇಬ್ರ, ಸಂಜೀಕ ಹೊಳ್ಳಿ ಹೋಗ್ತಾಳ.”

“ಬರೀದ ಇಲಿ ಸೈತ ಒಳಗ ಹೋಗೂದಿಲ್ಲ ಶಂಕರೆಪ್ಪ. ರೂಲ್ ಅಂದ್ರ ರೂಲ್.” ಎಂದು ಹೇಳಿ, ಸಾಮಾನಿನ ಪುಸ್ತಕದಲ್ಲಿ ಬರೆದರು: ‘ನಮೂನೆ, ಒಂದು. ಬಣ್ಣ ಬಿಳಿ, ಕಂದು ಮಚ್ಚೆ.’

ಅಲ್ಲಿಗೆ ಮುಗಿಯಿತು. ಸಂಜೆ ಅಳತೆ ಮುಗಿಸಿ ಹೊರಟರೆ, ಗುಟ್ಟಿನ ಕೆಲಸದ ನಮೂನೆ ಗೇಟ್ ಪಾಸ್ ಇಲ್ಲದೆ ಹೊರಗೆ ಹೋಗುವಂತಿಲ್ಲ ಎಂದರು. ಗೇಟ್ ಪಾಸ್ ಕೊಡಬೇಕಾದವರು ನಂಜುಂಡಯ್ಯನವರು. ಅವರು ಫ್ಯಾನಿನ ಕಡೆ ಬೆರಳು ತೋರಿಸಿದರು. ಮೇಲಿಂದ ಎರಡು ದಿನಕ್ಕೆ ಉತ್ತರ ಬಂತು: ಪರೀಕ್ಷೆ ಮುಗಿಯುವವರೆಗೆ ನಮೂನೆಯನ್ನು ಭದ್ರವಾಗಿ ಇಡತಕ್ಕದ್ದು. ನಮೂನೆ ಬಾಲ ಅಲ್ಲಾಡಿಸುತ್ತದೆ ಎಂಬುದು ಮೇಲಿನವರಿಗೆ ಗೊತ್ತಿರಲಿಲ್ಲ. ತಿಳಿಸೋಣ ಎಂದೆ. “ತಿಳಿಸಿದ್ರೆ ಯಾಕೆ ಒಳಗೆ ಬಿಟ್ರಿ ಅಂತಾರೆ ಶಂಕರಪ್ಪನವರೇ. ನಾನೇನು ಮಾಡ್ಲಿ ಹೇಳಿ?” ಎಂದು ನಂಜುಂಡಯ್ಯನವರು ತಲೆ ಹಿಡಿದುಕೊಂಡರು.

ನಮ್ಮ ಘಟಕದಲ್ಲಿ ಎಸಿ ಇದ್ದ ಕೋಣೆ ಎರಡೇ. ಒಂದು ಕಂಪ್ಯೂಟರಿಗೆ, ಇನ್ನೊಂದು ನಮೂನೆಗಳಿಗೆ. ಚಂದ್ರಿಯನ್ನು ನಮೂನೆಗಳ ಕೋಣೆಯಲ್ಲಿ ಇಟ್ಟೆವು. ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತ ಬಂದಿದ್ದ ಎಸಿ ಅವಳಿಗೆ ಒಂದೇ ದಿನದಲ್ಲಿ ಸಿಕ್ಕಿತು. ಪ್ಯಾರಾಶೂಟ್ ಬಟ್ಟೆಯ ಮೇಲೆ ಮಲಗುತ್ತಿದ್ದಳು. ಕ್ಯಾಂಟೀನಿನ ಇಡ್ಲಿ ಸಾಂಬಾರು ಮೂಸಿ ನೋಡಿ, ಮುಖ ಹೊರಳಿಸಿದಳು. ಸಾವಕ್ಕ ಜೋಳದ ರೊಟ್ಟಿ ಕಟ್ಟಿಕೊಟ್ಟಳು. ಯಾರಿಗೆಂದು ಕೇಳಿದಳು. ಹೇಳಾಕ ಬರೂದಿಲ್ಲ ಎಂದೆ. “ನಾಯಿಗಿ ಬೆಣ್ಣಿ ಹಚ್ಚಲ್ಯೋ, ಹಂಗ ಕೊಡಲ್ಯೋ?” ಎಂದಳು. ನೂಲಿನ ಅಂಗಡಿಯವನು ತನ್ನ ಕೆಲಸ ಮುಗಿಸಿದ್ದ.

ವರ್ಷದ ದಾಸ್ತಾನು ಲೆಕ್ಕ ನೋಡುವವರು ಬಂದರು. ಪ್ರತಿ ಸಾಮಾನಿಗೂ ನಂಬರಿನ ಚೀಟಿ ಅಂಟಿಸುವುದು ಅವರ ಪದ್ಧತಿ. ಪುಸ್ತಕ ನೋಡಿಕೊಂಡು ನಮೂನೆಗಳ ಕೋಣೆಗೆ ಹೊಕ್ಕ ಗುಮಾಸ್ತರು, ಬಾಗಿ, ಮಲಗಿದ್ದ ಬಿಳಿ ವಸ್ತುವಿನ ಮೇಲೆ ಚೀಟಿ ಒತ್ತಿದರು. ವಸ್ತು ಎದ್ದು ನಿಂತಿತು. ಗುಮಾಸ್ತರನ್ನು ಕಪಾಟಿನ ಮೇಲಿಂದ ಇಳಿಸಲು ಏಣಿ ಬೇಕಾಯಿತು. ಇಳಿದ ಮೇಲೂ ಅವರು ಕೇಳಿದ್ದು ಚೀಟಿ ಅಂಟಿತೋ ಇಲ್ಲವೋ ಎಂದೇ.

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆದರೆ ಗೇಟಿನ ಹೊರಗೆ ನಗು ಇರಲಿಲ್ಲ. ಬೀರಪ್ಪಜ್ಜ ದಿನಾ ಬರುತ್ತಿದ್ದ. ಒಳಗೆ ಬಿಡುವಂತಿಲ್ಲ. ಗೋಡೆಯ ಹತ್ತಿರ ನಿಂತು ನಾಲಿಗೆ ಮಡಿಸಿ ಸಿಳ್ಳೆ ಹೊಡೆಯುತ್ತಿದ್ದ. ಒಳಗಿನಿಂದ ಚಂದ್ರಿ ಊಳಿಡುತ್ತಿದ್ದಳು. ಆ ಸದ್ದಿಗೆ ಹೊಲಿಯುವ ಹೆಂಗಸರು ಯಂತ್ರ ನಿಲ್ಲಿಸಿಬಿಡುತ್ತಿದ್ದರು. ಬರುಬರುತ್ತ ಅವಳು ರೊಟ್ಟಿಯನ್ನೂ ಬಿಟ್ಟಳು. ಮೊದಲೇ ಇಲ್ಲದ ನಡು ಇನ್ನೂ ಒಳಗೆ ಹೋಯಿತು.

“ತಮ್ಮಾ, ಮ್ಯಾವು ತೀರೇತಿ. ಕುರಿ ಹೊಡಕೊಂಡು ಹೊಂಡಬೇಕು” ಎಂದ ಅಜ್ಜ ಒಂದು ದಿನ. “ಆಕಿ ಇಲ್ಲದ ಹೆಂಗ ಹೋಗಲಿ? ನಿನ್ನೆ ತೋಳ ಬಂದು ಒಂದು ಮರಿ ಒಯ್ದೈತಿ. ನೀ ಸಂಜೀಕ ಅಂದಿದ್ದಿ. ಯಾವ ಸಂಜೀಕ?”

ಅಷ್ಟು ದೊಡ್ಡ ಕಂಪನಿ, ಅಷ್ಟು ದೊಡ್ಡ ಗೇಟು, ಒಬ್ಬ ಮುದುಕನ ನಾಯಿಯನ್ನು ಹೊರಗೆ ಬಿಡುವಷ್ಟು ಅಧಿಕಾರ ಒಳಗಿದ್ದ ಯಾರಿಗೂ ಇರಲಿಲ್ಲ. ಮಕ್ಕಳೇ, ಕೆಟ್ಟದ್ದೇನು ಎಂದು ಕೇಳಿದಿರಲ್ಲ, ಇದು.

ಕೊನೆಗೆ ಪರೀಕ್ಷೆಯ ದಿನ ಬಂತು. ದಿಲ್ಲಿಯಿಂದ ಮೂವರು ಅಧಿಕಾರಿಗಳು ಬಂದರು. ಕಾಂಪೌಂಡಿನ ಒಳಗೇ ಹಿಂಭಾಗದಲ್ಲಿ ಕಬ್ಬು ಕಡಿದು ಖಾಲಿ ಬಿಟ್ಟ ನೆಲ, ಅಲ್ಲಿ ಶಾಮಿಯಾನ ಹಾಕಿದೆವು. ನಾಯಿಯನ್ನು ನಡೆಸಲು ಒಡೆಯನೇ ಬೇಕೆಂದು ಬೀರಪ್ಪಜ್ಜನನ್ನು ಅಂದು ಒಳಗೆ ಬಿಟ್ಟರು. ಅವನನ್ನು ಮನುಷ್ಯರ ಪುಸ್ತಕದಲ್ಲಿ ಬರೆದಿದ್ದಾರೋ ಇಲ್ಲವೋ ಎಂದು ನಾನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಅಜ್ಜನಿಗೆ ಹೇಳಿದ್ದು ಇಷ್ಟೇ: ಚಂದ್ರಿ ನೆಟ್ಟಗೆ ನಡೆದು ಆ ತುದಿಗೆ ಹೋಗಿ, ಓಡಿ ಬರಬೇಕು. ಜಾಕೀಟು ತೊಟ್ಟು ಚಂದ್ರಿ ಹೊರಗೆ ಬಂದಳು. ಅಜ್ಜನನ್ನು ಕಂಡವಳೇ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಅವನ ಎದೆಗೆ ಹಾರಿದಳು.

ಅಜ್ಜ ಅತ್ತುಬಿಟ್ಟ. ಅಷ್ಟು ದಿನದ ಮೇಲೆ ಮನೆಯ ಜೀವ ಸಿಕ್ಕಿದೆ, ದೇವರನ್ನು ನೆನೆಯದೆ ಇರುತ್ತಾನೆಯೇ? ಹೆಗಲಿನ ಚೀಲಕ್ಕೆ ಕೈ ಹಾಕಿ, ಬೊಗಸೆ ತುಂಬ ಭಂಡಾರ ತೆಗೆದು, “ಬೀರದೇವರಿಗೆ ಚಾಂಗಭಲೋ!” ಎಂದು ಎರಚಿದ. ಬೀರೇಶ್ವರನ ಒಕ್ಕಲಿನವರು ಎರಚುವ ಅರಿಶಿನ ಎಂದರೆ ಕುಂಕುಮದಂತೆ ಚಿಟಿಕೆ ಲೆಕ್ಕವಲ್ಲ. ಚಂದ್ರಿ ಹಳದಿ, ಜಾಕೀಟು ಹಳದಿ. ಹತ್ತಿರ ನಿಂತಿದ್ದ ನಂಜುಂಡಯ್ಯನವರ ಬಿಳಿ ಅಂಗಿ ಹಳದಿ. ಅವರು ಅಭ್ಯಾಸಬಲದಿಂದ ಮೇಲೆ ನೋಡಿದರು. ಆಕಾಶ ಬಿಟ್ಟು ಅಲ್ಲಿ ಏನೂ ಇರಲಿಲ್ಲ.

ಅದೇ ಹೊತ್ತಿಗೆ ಸರಿಯಾಗಿ ಒಂದು ಮೊಲ ಕಬ್ಬಿನ ಬುಡದಿಂದ ಎದ್ದಿತು. ಚಂದ್ರಿಯನ್ನು ಆಮೇಲೆ ಯಾರೂ ಹಿಡಿಯುವಂತಿರಲಿಲ್ಲ. ಒಂದು ಹಳದಿ ಗೆರೆ ಆ ತುದಿಗೆ ಹೋಯಿತು, ಎಡಕ್ಕೆ ತಿರುಗಿತು, ಶಾಮಿಯಾನದ ಕೆಳಗಿನಿಂದ ತೂರಿ ಅಧಿಕಾರಿಗಳ ಚಹಾ ಚೆಲ್ಲಿ, ಮತ್ತೆ ಆ ತುದಿಗೆ ಹೋಯಿತು. ಮೊಲ ಗೋಡೆಯ ಬಿರುಕಿನಲ್ಲಿ ಪಾರಾಯಿತು. ಗೇಟ್ ಪಾಸ್ ಇಲ್ಲದೆ ಆ ಕಾಂಪೌಂಡಿನಿಂದ ಹೊರಬಿದ್ದ ಮೊದಲ ಜೀವ ಅದೇ ಇರಬೇಕು. ಚಂದ್ರಿ ತೇಕುತ್ತ ಬಂದು ಅಜ್ಜನ ಕಾಲ ಬಳಿ ಕುಳಿತಳು.

ಅಧಿಕಾರಿಗಳು ಅಳತೆಪಟ್ಟಿ ಹಿಡಿದು ಬಂದರು. ಜಾಕೀಟು ಬೆರಳಗಲವೂ ಜಾರಿರಲಿಲ್ಲ. ಬಿಚ್ಚಿ ಒಂದು ಕೊಡ ನೀರಿನಲ್ಲಿ ಅದ್ದಿದರು, ಅರಿಶಿನ ಪೂರ್ತಿ ಹೋಯಿತು. ನಮ್ಮ ಹೊಲಿಗೆಯ ಹೆಂಗಸರು ಶಾಮಿಯಾನದ ಹಿಂದೆ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಜಾಕೀಟು ಪಾಸು.

ಅವರು ಆಮೇಲೆ ಪುಸ್ತಕ ತರಿಸಿದರು. ನಮೂನೆಯ ಬಣ್ಣ ಬಿಳಿ, ಕಂದು ಮಚ್ಚೆ ಎಂದಿತ್ತು. ಎದುರಿಗಿದ್ದದ್ದು ಹಳದಿ. ಹೇಳಿದ ಹಾಗೆ ನಡೆಯಲೂ ಇಲ್ಲ. ನಮೂನೆ ರಿಜೆಕ್ಟ್, ನಿಯಮದಂತೆ ವಿಲೇವಾರಿ ಮಾಡಿ ಎಂದು ಬರೆದು, ಕಾರು ಹತ್ತಿ ಹೋದರು.

ನಾನು ಕುಣಿದುಬಿಟ್ಟೆ. ರಿಜೆಕ್ಟಾದರೆ ಹೊರಗೆ ಹೋಗಬಹುದು! ಅಜ್ಜನ ಕೈಗೆ ಹಗ್ಗ ಕೊಟ್ಟು ಗೇಟಿಗೆ ಬಂದೆವು. ಸುಬೇದಾರರು ಕಾಗದ ಓದಿದರು. ಮೀಸೆ ಇಳಿಯಿತು.

“ಶಂಕರೆಪ್ಪ, ರಿಜೆಕ್ಟ್ ಆದದ್ದು ಮೂರು ತುಂಡ ಮಾಡಬೇಕು.”

ನಿಮಗೆ ನಗು ಬಂದಿರಬಹುದು. ಅಲ್ಲಿ ನಿಂತ ಯಾರಿಗೂ ಬರಲಿಲ್ಲ. ಅಜ್ಜನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಕೋಲು ಮೇಲೆತ್ತಿದ. “ಮದಲ ನನ್ನ ಮಾಡ್ರಿ ಮೂರು ತುಂಡ! ಬರ್ರಿ, ಯಾರ ಬರ್ತೀರಿ ಬರ್ರಿ!”

ಸುಬೇದಾರರು ಹಿಂದೆ ಸರಿಯಲಿಲ್ಲ. ಅವರ ಕಣ್ಣು ಕೆಂಪಾಗಿದ್ದವು. ಮಧ್ಯಾಹ್ನದ ಊಟದಲ್ಲಿ ತಮ್ಮ ಪಾಲಿನ ಮೊಟ್ಟೆಯನ್ನು ಚಂದ್ರಿಗೆ ಕದ್ದು ತಿನ್ನಿಸುತ್ತಿದ್ದವರು ಅವರೇ ಎಂದು ಅಂದೇ ನನಗೆ ಗೊತ್ತಾದದ್ದು. ಹೇಗೆಂದರೆ, ಅವಳು ಹೋಗಿ ಅವರ ಜೇಬು ಮೂಸುತ್ತಿದ್ದಳು. “ನಾ ಏನ ಮಾಡ್ಲಿ? ಜೀವನಪೂರ್ತಿ ರೂಲ್ ಮುರದಿಲ್ಲ” ಎಂದು ಕಾಗದವನ್ನು ಮತ್ತೆ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನಿಧಾನವಾಗಿ ನನ್ನನ್ನು ಕೇಳಿದರು.

“ಶಂಕರೆಪ್ಪ, ಒಂದು ಪಟ್ಟಿ ಐತಿ ಅಂತ ತಿಳಿ. ಈ ತುದಿ ಚೂರು, ಆ ತುದಿ ಚೂರು ಕತ್ತರಿಸಿದ್ರ, ಎಷ್ಟು ತುಂಡ ಆದ್ವು?”

“ಮೂರ್ರಿ. ಎರಡು ಚೂರು, ನಡಕಿನ ಪಟ್ಟಿ.”

“ಚೂರೂ ತುಂಡನ?”

“ತುಂಡನ್ರಿ. ಎಷ್ಟು ದೊಡ್ಡದಿರಬೇಕು ಅಂತ ಎಲ್ಲೂ ಬರದಿಲ್ಲ.”

ಇಬ್ಬರೂ ಒಟ್ಟಿಗೆ ಚಂದ್ರಿಯ ಕಾಲು ನೋಡಿದೆವು. ಎಸಿ ಕೋಣೆಯಲ್ಲಿ ಕುಳಿತು ಉಗುರು ಚೆನ್ನಾಗಿ ಬೆಳೆದಿದ್ದವು.

ಸುಬೇದಾರರು ಜೇಬಿನಿಂದ ನೇಲ್ ಕಟರ್ ತೆಗೆದರು. ನಿಯಮದ ಮನುಷ್ಯ, ಅದು ಸದಾ ಅವರ ಹತ್ತಿರ ಇರುತ್ತಿತ್ತು. ನೆಲದ ಮೇಲೆ ಕುಳಿತು, ಮುಂಗಾಲು ಹಿಡಿದು, ಒಂದು ಉಗುರಿನ ತುದಿ ಕತ್ತರಿಸಿದರು. ಇನ್ನೊಂದು ಉಗುರಿನ ತುದಿ ಕತ್ತರಿಸಿದರು. ಎರಡನ್ನೂ ಬೆಂಕಿಪೊಟ್ಟಣದಲ್ಲಿ ಹಾಕಿ ಮೊಹರು ಮಾಡಿದರು. ಎದ್ದು ನಿಂತು, ಪರೇಡಿನ ದನಿಯಲ್ಲಿ ಓದುತ್ತ ಬರೆದರು: “ಒಂದನೇ ತುಂಡು, ಉಗುರು. ಎರಡನೇ ತುಂಡು, ಉಗುರು. ಮೂರನೇ ತುಂಡು, ಉಳಿದ ನಾಯಿ.”

“ಮೂರನೇ ತುಂಡು ಯಾರ ಒಯ್ತೀರಿ?” ಎಂದರು.

“ನಾನ್ರೀ ಯಪ್ಪಾ!” ಎಂದ ಬೀರಪ್ಪಜ್ಜ.

ಗೇಟು ತೆರೆಯಿತು. ಅಜ್ಜ, ಚಂದ್ರಿ ಇಬ್ಬರೂ ಹಿಂದೆ ನೋಡದೆ ಓಡಿದರು. ಅಷ್ಟು ವಯಸ್ಸಾದವನು ಅಷ್ಟು ಜೋರಾಗಿ ಓಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಂಜುಂಡಯ್ಯನವರು ಹಳದಿ ಅಂಗಿಯಲ್ಲೇ ಬಂದು ಕಾಗದಕ್ಕೆ ಸಹಿ ಹಾಕಿದರು. ಮೇಲಿಂದ ಬರಬೇಕು ಎನ್ನದೆ ಅವರು ಹಾಕಿದ ಸಹಿ ನನಗೆ ಗೊತ್ತಿರುವಂತೆ ಅದೊಂದೇ. ಅದಕ್ಕಾಗಿ ಅವರ ಮೇಲಿನ ನನ್ನ ಹಳೆಯ ಸಿಟ್ಟೆಲ್ಲ ಇಳಿದುಹೋಯಿತು.

ಜಾಕೀಟು ಏನಾಯಿತು ಎಂದು ಕೇಳಬಹುದು. ಪಾಸಾಗಿ ಮೇಲೆ ಹೋಗಿದೆ, ಇನ್ನೂ ಕೆಳಗೆ ಬಂದಿಲ್ಲ. ಯಾವ ನಾಯಿಯಾದರೂ ತೊಟ್ಟಿದೆಯೋ ಇಲ್ಲವೋ ನನಗೆ ತಿಳಿಯದು. ತಿಳಿದರೂ ಹೇಳುವಂತಿಲ್ಲ. ಬನಹಟ್ಟಿಯಲ್ಲಿ ವಿಚಾರಿಸಿ.

ಹೋಗಿರಿ ಮಕ್ಕಳೇ, ಸೇರಿಕೊಳ್ಳಿರಿ. ಸಂಬಳ ಛಲೋ, ಕೆಲಸ ಕಲಿಯುತ್ತೀರಿ, ಯಾರದೋ ಜೀವ ನಿಮ್ಮ ಹೊಲಿಗೆಗೆ ಜೋತು ಬಿದ್ದಿರುತ್ತದೆ, ಅದನ್ನು ಮರೆಯಬೇಡಿರಿ. ಆದರೆ ಒಳಗೆ ಹೋಗುವಾಗ ಯಾವ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಯುತ್ತಿದ್ದಾರೆಂದು ಬಗ್ಗಿ ನೋಡಿರಿ. ಎರಡು ಉಗುರು ಬೆಳೆಸಿಕೊಂಡಿರಿ.

ನನ್ನ ಕೊನೆಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. ಸಂಜೆ ಗಡಿಯಾರ ಕಂಕುಳಲ್ಲಿಟ್ಟುಕೊಂಡು ಗೇಟಿಗೆ ಬಂದೆ. ಪವಾರ ಸುಬೇದಾರರು ಎದ್ದು ನಿಂತು, ದಾರಿಗೆ ಅಡ್ಡ ಕೈ ಹಿಡಿದರು. ನನ್ನ ಹಳೆಯ ಗುರುತಿನ ಚೀಟಿಯ ಫೋಟೋ ನೋಡಿದರು, ನನ್ನನ್ನು ನೋಡಿದರು.

“ಒಳಗ ಬಂದಾಗ ಕೂದಲ ಕರಿ. ಈಗ ಬೆಳ್ಳಗ ಅದಾವ. ಬಣ್ಣ ಹೊಂದೂದಿಲ್ಲ ಶಂಕರೆಪ್ಪ. ರಿಜೆಕ್ಟ್.”

ಜೇಬಿನಿಂದ ನೇಲ್ ಕಟರ್ ಹೊರಬಂತು. ನಾನು ಕೈ ಚಾಚಿದೆ. ಇಬ್ಬರೂ ನಗುತ್ತಿದ್ದೆವು. ಒಂದು ಉಗುರು, ಇನ್ನೊಂದು ಉಗುರು, ಬೆಂಕಿಪೊಟ್ಟಣ. “ಉಳಿದ ಶಂಕರೆಪ್ಪ ಹೊರಗ ಹೋಗಬಹುದು” ಎಂದು ಹೇಳಿ ಸೆಲ್ಯೂಟ್ ಹೊಡೆದರು.

ಹೊರಗೆ ಬೀರಪ್ಪಜ್ಜ ನಿಂತಿದ್ದ. ಯಾರು ಹೇಳಿದರೋ, ಬಹುಶಃ ನೂಲಿನ ಅಂಗಡಿಯವನೇ. “ಬಿಟ್ರೇನು ತಮ್ಮಾ ನಿನ್ನ?” ಎಂದವನೇ ಬೊಗಸೆ ತುಂಬ ಭಂಡಾರ ಎರಚಿದ. ಶಾಲು, ಹಾರ, ಗಡಿಯಾರ, ಬೆಳ್ಳಗಿನ ಕೂದಲು ಎಲ್ಲ ಹಳದಿಯಾಯಿತು. ನನಗೆ ಅಳು ತಡೆಯಲಾಗಲಿಲ್ಲ.

ಚಂದ್ರಿ ರಸ್ತೆಯ ಆಚೆ ಬದಿಯ ಬೇವಿನ ಗಿಡದ ಕೆಳಗೆ ನಿಂತು ಬಾಲ ಅಲ್ಲಾಡಿಸುತ್ತಿದ್ದಳು. ಅಜ್ಜ ಸಿಳ್ಳೆ ಹೊಡೆದ. ಅವಳು ಒಂದು ಹೆಜ್ಜೆ ಇಟ್ಟು, ಗೇಟನ್ನು ನೋಡಿ ಅಲ್ಲೇ ನಿಂತಳು. ಆ ಗೇಟಿನ ಹತ್ತಿರ ಆಕಿ ಇನ್ನ ಬರೂದಿಲ್ಲ ಎಂದ ಅಜ್ಜ.

ನಾನೇ ರಸ್ತೆ ದಾಟಿ ಹೋದೆ.